ಓಮ್ನಿಯ ಹಿಂಬಾಗಿಲು

ಕುಂದಾಪುರದಲ್ಲಿ ನಾನು ಟಿಂಕರಿಂಗ್ ಕೆಲಸಕ್ಕೆ ಸೇರಿದ ಕಾಲಕ್ಕೆ ಗ್ಯಾರೇಜಿಗೆ ಬರುತ್ತಿದ್ದದ್ದು ಹೆಚ್ಚಾಗಿ ಅಂಬಾಸಿಡರ್, ಮೆಟಡೋರ್, ಜೀಪು. ಅಂಬಾಸಿಡರಿನ ಡಿಕ್ಕಿ ದಪ್ಪ ತಗಡಿನದು, ಕಲಿಯುವ ಹುಡುಗನ ಸುತ್ತಿಗೆಯನ್ನೂ ತಾಳಿಕೊಳ್ಳುತ್ತಿತ್ತು. 1984ರಲ್ಲಿ ಮಾರುತಿ ವ್ಯಾನ್ ಬಂತು. 1988ರಲ್ಲಿ ಅದಕ್ಕೆ ಓಮ್ನಿ ಎಂದು ಹೆಸರಾಯಿತು. ಮೊದಲ ಓಮ್ನಿ ನಮ್ಮಲ್ಲಿಗೆ ಬಂದಾಗ ಉಸ್ತಾದರು ಹಿಂಬಾಗಿಲನ್ನು ಬೆರಳಲ್ಲಿ ತಟ್ಟಿ, "ಇದಕ್ಕೆ ಹಳೇ ಕೈ ನಡೆಯುವುದಿಲ್ಲ ಮಾರಾಯ" ಎಂದರು.

ಅಲ್ಲಿಂದ ಮುಂದಿನ ಮೂವತ್ತು ವರ್ಷ ಕರಾವಳಿಯ ಟಿಂಕರುಗಳ ಹೊಟ್ಟೆ ತುಂಬಿಸಿದ್ದರಲ್ಲಿ ಈ ಬಾಗಿಲಿನ ಪಾಲು ದೊಡ್ಡದು. ಬಾಡಿಗೆ ಗಾಡಿ, ಶಾಲೆಯ ಗಾಡಿ, ಆಂಬುಲೆನ್ಸ್, ಮೀನಿನ ಪೆಟ್ಟಿಗೆ, ಮದುವೆ ಅಡುಗೆಯ ಪಾತ್ರೆ, ಎಲ್ಲದಕ್ಕೂ ಓಮ್ನಿಯೇ. ಸಾಮಾನು ಹತ್ತುವುದೂ ಇಳಿಯುವುದೂ ಹಿಂದಿನಿಂದ. ಮೇಲೆ ಎರಡು ಕೀಲು, ಪಕ್ಕದಲ್ಲಿ ಎತ್ತಿ ಹಿಡಿಯುವ ಡಿಕ್ಕಿ ಶಾಕರ್, ಕೆಳಗೆ ಲಾಕು. ಶಾಕರ್ ಒಳಗಿನ ಗ್ಯಾಸ್ ಸೋರಿದ ಮೇಲೆ ಬಾಗಿಲು ತಲೆ ಮೇಲೆ ಬೀಳುತ್ತದೆಂದು ಜನ ಅಡಿಕೆ ದಬ್ಬೆಯ ಊತ ಕೊಟ್ಟು ನಿಲ್ಲಿಸುತ್ತಿದ್ದರು.

ಆದರೆ ಬಾಗಿಲನ್ನು ಕೊಲ್ಲುವುದು ನೀರು. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಬೇಸಗೆಯಲ್ಲೂ ಗಾಜಿನ ಮೇಲೆ ಉಪ್ಪು ಕೂರುತ್ತದೆ. ಹಿಂದಿನ ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಒಣಗಿ ಬಿರಿದರೆ ನೀರು ಬಾಗಿಲಿನ ಹೊಟ್ಟೆಗೇ ಇಳಿಯುತ್ತದೆ. ಬಾಗಿಲೆಂದರೆ ಎರಡು ತಗಡು. ಹೊರಗಿನದರ ಅಂಚನ್ನು ಒಳಗಿನದರ ಮೇಲೆ ಮಡಚಿ ಒತ್ತಿರುತ್ತಾರೆ. ಆ ಮಡಿಕೆಯಲ್ಲಿ ನೀರು ನಿಂತು, ನೀರು ಬಸಿಯುವ ತೂತುಗಳಲ್ಲಿ ಕೆಸರು ಕಟ್ಟಿ, ತುಕ್ಕು ಒಳಗಿನಿಂದ ಹೊರಗೆ ತಿನ್ನುತ್ತದೆ. ಬಣ್ಣದಡಿ ಗುಳ್ಳೆ ಎದ್ದು ಮಾಲೀಕನ ಕಣ್ಣಿಗೆ ಬೀಳುವಷ್ಟರಲ್ಲಿ ಕೆಳಗಿನ ನಾಲ್ಕು ಬೆರಳು ತಗಡು ಹೋಗಿಯೇ ಇರುತ್ತದೆ.

ಆಗ ನಮ್ಮಲ್ಲಿ ಗ್ಯಾಸ್ ವೆಲ್ಡಿಂಗ್ ಒಂದೇ. ಕಬ್ಬಿಣದ ಡಬ್ಬದಲ್ಲಿ ಕಾರ್ಬೈಡ್ ಕಲ್ಲಿಗೆ ನೀರು ಬಿಟ್ಟರೆ ಅಸಿಟಿಲಿನ್ ಹುಟ್ಟುತ್ತದೆ. ಅದರ ನಾತ ಸಂಜೆ ಮನೆಗೆ ಹೋದ ಮೇಲೂ ಅಂಗಿಯಲ್ಲಿರುತ್ತಿತ್ತು. ಕೊಳೆತ ಭಾಗ ಕತ್ತರಿಸಿ, ಹೊಸ ತಗಡನ್ನು ಅದೇ ಬಾಗಿಗೆ ಬಡಿದು, ಅಂಚು ಮಡಚಿ ಕೂಡಿಸಬೇಕು. ಓಮ್ನಿಯ ತಗಡು ಒಂದು ಮಿಲಿಮೀಟರಿಗಿಂತ ತೆಳು. ಬೆಂಕಿ ಒಂದೇ ಕಡೆ ನಿಂತರೆ ತಗಡು ಉಬ್ಬುತ್ತದೆ, ಆರಿದಾಗ ಸೆಳೆದುಕೊಳ್ಳುತ್ತದೆ, ಬಾಗಿಲು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಉಸ್ತಾದರು ಈ ತುದಿಗೆ ಒಂದು ಚುಕ್ಕಿ, ಆ ತುದಿಗೆ ಒಂದು ಚುಕ್ಕಿ ಇಟ್ಟು, ಒದ್ದೆ ಬಟ್ಟೆ ಒತ್ತಿ, ಹಿಂದೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಹಿಡಿದು ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಿದ್ದರು. ಒಂದು ಬಾಗಿಲಿಗೆ ಇಡೀ ದಿನ ಕೊಟ್ಟರೂ ಅವರು ಅವಸರ ಪಟ್ಟವರಲ್ಲ. ಅಂಥ ಕೆಲಸವನ್ನು ನಾನು ಮತ್ತೆ ಯಾರ ಕೈಯಲ್ಲೂ ಕಂಡಿಲ್ಲ.

ಗಿರಾಕಿಗಳು ಹೆಚ್ಚಿದಂತೆ ಅಡ್ಡದಾರಿಯೂ ಬಂತು. ತೂತಿಗೆ ಜಾಲರಿ ತುರುಕಿ, ಮೇಲೆ ಪುಟ್ಟಿ ಬಳಿದು, ಉಜ್ಜಿ ಬಣ್ಣ ಹೊಡೆಯುವುದು. ಎರಡೇ ದಿನದಲ್ಲಿ ಗಾಡಿ ಹೊಸತರಂತೆ ಕಾಣುತ್ತದೆ, ಮುಂದಿನ ಮಳೆಗಾಲಕ್ಕೆ ಪುಟ್ಟಿ ಕಳಚಿ ಬೀಳುತ್ತದೆ. ನನಗೆ ಇದರ ಮೇಲೆ ಸಿಟ್ಟಿರುವುದು ಅಂದದ ಕಾರಣಕ್ಕಲ್ಲ. ಪೆಟ್ಟಿಗೆಯಾಕಾರದ ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಇಳಿದು, ಸೈಲೆನ್ಸರಿನ ಹೊಗೆ ಅಲ್ಲೇ ಸುಳಿದಾಡುತ್ತದೆ. ಬಾಗಿಲಿನ ಅಂಚು ತೂತಾಗಿದ್ದರೆ, ರಬ್ಬರ್ ಕೂರದಿದ್ದರೆ, ಅದು ಒಳಕ್ಕೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಂದಿನ ಸೀಟಿನಲ್ಲಿ ಕೂರುವವರು ಶಾಲೆಯ ಮಕ್ಕಳು.

ಆಮೇಲೆ ಕೊಳೆತದ್ದನ್ನು ಕತ್ತರಿಸುವುದು ಬಿಟ್ಟು ಬಾಗಿಲನ್ನೇ ಬದಲಿಸುವ ಕಾಲ ಬಂತು. ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಬಾಗಿಲುಗಳು ಬರತೊಡಗಿದವು. ನಾನು ಬಯಲುಸೀಮೆಯಲ್ಲಿ ಓಡಿದ ಗಾಡಿಯ ಬಾಗಿಲನ್ನೇ ಕೇಳುತ್ತಿದ್ದೆ. ಬಿಸಿಲಿಗೆ ಬಣ್ಣ ಸತ್ತಿದ್ದರೂ ಮಡಿಕೆಯೊಳಗಿನ ತಗಡು ಗಟ್ಟಿಯಾಗಿರುತ್ತಿತ್ತು. ಬದಲಿಸುವುದು ಸುಲಭ ಎಂದುಕೊಳ್ಳುವವರು ಮೊದಲು ಕೀಲು ಕೂರುವ ಛಾವಣಿಯ ಅಂಚನ್ನು ನೋಡಬೇಕು. ಅದು ಕೊಳೆತಿದ್ದರೆ ಎಂಥ ಬಾಗಿಲೂ ಜೋತು ಬೀಳುತ್ತದೆ. ಅಂಚು ಗಟ್ಟಿಯಿದ್ದರೆ ಕೀಲಿನ ಬೋಲ್ಟನ್ನು ಅರ್ಧ ಬಿಗಿದು, ಎರಡೂ ಬದಿಯ ಸಂದು ಸಮ ಮಾಡಿ, ಆಮೇಲೆ ಪೂರ್ತಿ ಬಿಗಿದು, ಕೊನೆಗೆ ಲಾಕು ಹೊಂದಿಸಬೇಕು. ರಬ್ಬರ್ ಮಾತ್ರ ಹೊಸದೇ ಆಗಬೇಕು. ಮುಚ್ಚಿದ ಬಾಗಿಲಿಗೆ ಪೈಪಿನಲ್ಲಿ ನೀರು ಬಿಟ್ಟು, ಒಳಗೆ ಕೂತು ನೋಡದೆ ನಾನು ಯಾವ ಗಾಡಿಯನ್ನೂ ಕೊಟ್ಟಿಲ್ಲ.

2019ರಲ್ಲಿ ಓಮ್ನಿ ತಯಾರಿಕೆ ನಿಂತಿತು. ಹದಿನೈದು ವರ್ಷ ದಾಟಿದ ಗಾಡಿಗಳು ನೋಂದಣಿ ನವೀಕರಣಕ್ಕೆ ಹೋಗುವ ಮುಂಚೆ ಈಗಲೂ ಶೆಡ್ಡಿಗೆ ಬರುತ್ತವೆ. ಕಾರ್ಬೈಡ್ ಡಬ್ಬ ಮೂಲೆ ಸೇರಿದೆ, ಹುಡುಗರು ಸಿಓಟು ವೆಲ್ಡಿಂಗ್ ಮಾಡುತ್ತಾರೆ, ತಗಡು ಅಷ್ಟು ಸೊಟ್ಟಗಾಗುವುದಿಲ್ಲ. ಗುಜರಿಯಲ್ಲಿ ಒಳ್ಳೆಯ ಬಾಗಿಲು ಸಿಗುವುದು ಕಡಿಮೆಯಾಗಿರುವುದರಿಂದ ಮತ್ತೆ ಕತ್ತರಿಸಿ ಕೂಡಿಸುವ ಕೆಲಸವೇ ಹೆಚ್ಚು. ಓಮ್ನಿ ಇಟ್ಟುಕೊಂಡವರಿಗೆಲ್ಲ ಹೇಳುತ್ತೇನೆ: ಮೇ ತಿಂಗಳ ಕೊನೆಗೆ ಹಿಂಬಾಗಿಲು ಎತ್ತಿ, ಕೆಳ ಅಂಚಿನ ತೂತುಗಳಲ್ಲಿ ಸೈಕಲ್ ಚಕ್ರದ ಕಡ್ಡಿ ಆಡಿಸಿ ಕೆಸರು ತೆಗೆಯಿರಿ, ಮಡಿಕೆಗೆ ಎಣ್ಣೆ ಬಿಡಿ. ಗಾಜಿನ ಬೀಡಿಂಗ್ ಬಿರಿದಿದ್ದರೆ ಮಳೆಗೆ ಮುಂಚೆಯೇ ಬದಲಿಸಿ.