ನೆಲ ಒರೆಸೋ ಮಷೀನ್ ತಗೊಳ್ಳೋ ಮುನ್ನ ಮನೆಯ ನೆಲ ಯಾವುದು ನೋಡಿ

ಅಂಗಡಿಯಲ್ಲಿ ನೆಲ ಒರೆಸೋ ಮಷೀನ್ ಕೇಳಿದರೆ ಮೊದಲು ಸಿಗುವ ಉತ್ತರ ‘ಇಷ್ಟು ವ್ಯಾಟ್’ ಅಂತ. ವ್ಯಾಟ್ ಅಂದರೆ ಅದು ಎಳೆಯುವ ಕರೆಂಟ್ ಅಷ್ಟೇ. ಕೊಳೆ ಹೋಗುತ್ತಾ ಅನ್ನೋದು ಬೇರೆ ವಿಷಯ. ಅದಕ್ಕೆ ಮೊದಲು ನೋಡಬೇಕಾದದ್ದು ಮನೆಯ ನೆಲ.

ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್ ಇದ್ದರೆ ಚಿಂತೆ ಕಡಿಮೆ. ರೋಲರ್ ತಿರುಗಿಸಿ ಒರೆಸುತ್ತಲೇ ಕೊಳೆ ನೀರನ್ನು ಹೀರಿಕೊಳ್ಳುವ, ಎರಡು ಟ್ಯಾಂಕಿನ ಮಷೀನ್ ಇಲ್ಲಿ ಒಳ್ಳೆ ಕೆಲಸ ಮಾಡುತ್ತೆ.

ಹಳೆ ಮನೆಯ ಕೆಂಪು ರೆಡ್ ಆಕ್ಸೈಡ್ ನೆಲದ ಕಥೆ ಬೇರೆ. ಅದರ ಹೊಳಪೆಲ್ಲ ಮೇಲಿನ ಮೇಣದ ಪಾಲಿಶ್‌ನಲ್ಲಿದೆ. ಹಬೆ ಬಿಡುವ ಸ್ಟೀಮ್ ಮಾಪ್ ಹಾಕಿದರೆ ಆ ಮೇಣ ಕರಗಿ ನೆಲ ಮಂಕಾಗುತ್ತೆ, ಬಿರುಕಿದ್ದರೆ ನೀರೂ ಇಳಿಯುತ್ತೆ. ಅಂಥ ಮನೆಗೆ ಸ್ಟೀಮ್ ಮಾಪ್ ಬೇಡವೇ ಬೇಡ.

ಶಹಾಬಾದ್ ಮತ್ತು ಕಡಪ ಕಲ್ಲು ಎರಡೂ ಸುಣ್ಣಕಲ್ಲಿನ ಜಾತಿ. ಆಸಿಡ್ ಬಿದ್ದರೆ ಕಲ್ಲೇ ತಿನ್ನಿಹೋಗುತ್ತೆ. ಮಾರ್ಬಲ್‌ಗೂ ಇದೇ ಮಾತು. ವಿನೆಗರ್, ನಿಂಬೆಹುಳಿ ಕೂಡ ಆಸಿಡ್ಡೇ. ಬೋರ್‌ವೆಲ್‌ನ ಗಡಸು ನೀರಿನಿಂದ ಟ್ಯಾಂಕು, ನಳಿಕೆಯಲ್ಲಿ ಬಿಳಿ ಉಪ್ಪು ಕಟ್ಟಿದಾಗ ಅನೇಕರು ವಿನೆಗರ್ ಹಾಕಿ ತೊಳೀತಾರೆ. ಕಂಪನಿ ಪುಸ್ತಕದಲ್ಲಿ ಹಾಗೆ ಹೇಳಿದ್ದರೆ ತೊಳೆಯಿರಿ, ಆದರೆ ಆ ನೀರನ್ನು ಬಚ್ಚಲಿಗೆ ಚೆಲ್ಲಿ. ಕಲ್ಲಿನ ಮೇಲೆ ಬಿಡಬೇಡಿ. ಫಿಲ್ಟರ್ ನೀರು ಬಳಸಿದರೆ ಆ ತಾಪತ್ರಯವೇ ಕಡಿಮೆ. ಇನ್ನು, ಒರಟು ಕಲ್ಲಿನ ಸಂದಿಯೊಳಗಿನ ಮಣ್ಣಿಗೆ ರೋಲರ್ ತಾಕೋದೇ ಇಲ್ಲ. ಅದಕ್ಕೆ ಮೊದಲು ಪೊರಕೆಯೇ ಗತಿ.

ರೋಬೋಟ್ ತಗೊಳ್ಳುವವರು ಹೊಸ್ತಿಲು ಅಳೆಯಿರಿ. ಸಾಮಾನ್ಯವಾಗಿ 2 ಸೆಂಟಿಮೀಟರ್‌ಗಿಂತ ಎತ್ತರ ಇದ್ದರೆ ಅದು ಹತ್ತಲ್ಲ. ಕೋಣೆಯಿಂದ ಕೋಣೆಗೆ ಎತ್ತಿ ಇಡ್ತಾ ಕೂತರೆ ರೋಬೋಟ್ ಯಾಕೆ? ಬರೀ ಧೂಳು ಎಳೆಯುವ ಮಾಮೂಲಿ ವ್ಯಾಕ್ಯೂಮ್‌ನಿಂದ ನೀರು ಎಳೆಸಲೇಬಾರದು. ಮೋಟರ್ ಸುಡುತ್ತೆ, ಶಾಕ್ ಹೊಡೆಯುವ ಅಪಾಯವೂ ಇದೆ. ಅಂಗಡಿ, ಹೋಟೆಲ್‌ನವರಿಗೆ ಒದ್ದೆ-ಒಣ ಎರಡೂ ಎಳೆಯುವ ಡ್ರಮ್ ಮಾದರಿ ಸರಿ, ಸದ್ದು ಮಾತ್ರ ಜಾಸ್ತಿ.

ಟ್ಯಾಂಕಿಗೆ ಫಿನಾಯಿಲ್ ಸುರಿಯೋ ಅಭ್ಯಾಸ ಬಿಡಬೇಕು. ನೊರೆ ಬರುವ ಯಾವುದೇ ದ್ರಾವಣ ಮೋಟರ್ ತನಕ ಹೋಗಿ ಮಷೀನ್ ಕೆಡಿಸಬಹುದು. ಕೊಳೆ ನೀರಿನ ಟ್ಯಾಂಕನ್ನು ಅವತ್ತವತ್ತೇ ಖಾಲಿ ಮಾಡಿ, ರೋಲರ್ ಒಣಗಿಸಿ. ಇಲ್ಲದಿದ್ದರೆ ಮರುದಿನ ಮನೆಯೆಲ್ಲ ನಾತ.

ಡೆಮೊ ಕೇಳುವಾಗ ಶೋರೂಮ್‌ನ ನುಣುಪು ಟೈಲ್ಸ್ ನೋಡಿ ಮರುಳಾಗಬೇಡಿ, ಅಲ್ಲಿ ಎಲ್ಲವೂ ಚೆನ್ನಾಗೇ ಓಡುತ್ತೆ. ಸ್ವಲ್ಪ ಹಿಟ್ಟು, ಅದರ ಮೇಲೆ ಚಹಾ ಚೆಲ್ಲಿ ಒರೆಸಿಸಿ. ಸರ್ವಿಸ್ ಯಾವ ಊರಲ್ಲಿ, ಬ್ಯಾಟರಿಗೆ ವಾರಂಟಿ ಬೇರೆಯಾ, ರೋಲರ್ ಬಿಡಿಯಾಗಿ ಸಿಗುತ್ತಾ ಅಂತ ಕೇಳಿ, ಉತ್ತರವನ್ನು ಬಿಲ್ ಮೇಲೇ ಬರೆಸಿಕೊಳ್ಳಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಆಗ ಕೈಯಲ್ಲಿ ಬಿಲ್ ಇರಬೇಕು.