ಕಣ್ಣನ್ನು ಸರಿಸುವ ಮೂಗಿನ ರೋಗ

ಒಬ್ಬರ ಒಂದು ಕಣ್ಣು ಮಾತ್ರ ನಿಧಾನವಾಗಿ ಕೆಳಕ್ಕೂ ಹೊರಕ್ಕೂ ಸರಿಯುತ್ತಿದೆ ಎಂದುಕೊಳ್ಳಿ. ನೋವಿಲ್ಲ, ಕೆಂಪಿಲ್ಲ. ದೋಷ ಕಣ್ಣಿನದೇ ಎಂದು ಭಾವಿಸುವುದು ಸಹಜ. ಆದರೆ ರೋಗದ ಮೂಲ ಮೂಗಿನ ಬಳಿ ಇರಬಹುದು.

ಹಣೆ, ಕೆನ್ನೆ ಹಾಗೂ ಮೂಗಿನ ಪಕ್ಕದ ಮೂಳೆಗಳಲ್ಲಿ ಸೈನಸ್ ಎಂಬ ಗಾಳಿಗೂಡುಗಳಿವೆ. ಅಲ್ಲಿ ಉತ್ಪತ್ತಿಯಾಗುವ ಲೋಳೆ ಸಣ್ಣ ದ್ವಾರದ ಮೂಲಕ ಮೂಗಿಗೆ ಹರಿಯುತ್ತದೆ. ಹಳೆಯ ಸೋಂಕಿನಿಂದಲೋ ಪೆಟ್ಟಿನಿಂದಲೋ ಆ ದ್ವಾರ ಮುಚ್ಚಿದರೆ ಲೋಳೆ ಒಳಗೇ ತುಂಬಿ ಚೀಲದಂತೆ ಹಿಗ್ಗುತ್ತದೆ. ವರ್ಷಗಳ ಕಾಲ ಮೂಳೆಯನ್ನು ಸವೆಸಿ ಕಣ್ಣಿನ ಗೂಡನ್ನು ಒತ್ತುತ್ತದೆ. ಇದೇ ಮ್ಯೂಕೋಸೀಲ್.

ಜರ್ಮನಿಯ ಲಾಂಗೆನ್‌ಬೆಕ್ 1820ರಲ್ಲಿ ಇದನ್ನು ವರ್ಣಿಸಿದರೂ 'ಹೈಡಾಟಿಡ್' ಎಂದು ಕರೆದರು. ಇಂದಿನ ಹೆಸರನ್ನು 1896ರಲ್ಲಿ ಕೊಟ್ಟವರು ಫ್ರಾನ್ಸಿನ ರೋಲೆ. ಅದರ ಹಿಂದಿನ ವರ್ಷವಷ್ಟೇ ರಾಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದಿದ್ದರು. ಮುಂದೆ ಮೂಳೆಯ ಬದಲಾವಣೆ ಚಿತ್ರದಲ್ಲಿ ಕಾಣತೊಡಗಿತು; ಆದರೆ ಚೀಲದ ಪೂರ್ಣ ವಿಸ್ತಾರ ತಿಳಿಯುತ್ತಿರಲಿಲ್ಲ. 1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮೊದಲ ರೋಗಿಯ ತಲೆಯನ್ನು ಪದರಪದರವಾಗಿ ತೋರಿಸಿತು. ಆ ತಂತ್ರ ಬೆಳೆದಂತೆ ಈ ಕೊರತೆ ನೀಗಿತು.

ಚಿಕಿತ್ಸೆಯೂ ಬದಲಾಯಿತು. 1921ರಲ್ಲಿ ಲಂಡನ್ನಿನ ವಾಲ್ಟರ್ ಹೊವಾರ್ತ್ ವಿವರಿಸಿದ್ದು ಮುಖದ ಚರ್ಮವನ್ನು ಕೊಯ್ದು ಮಾಡುವ ಶಸ್ತ್ರಚಿಕಿತ್ಸೆ. ಮೂಗಿನೊಳಗೇ ಎಂಡೋಸ್ಕೋಪ್ ತೂರಿಸಿ, ಚೀಲಕ್ಕೆ ಅಗಲವಾದ ಬಾಯಿ ಮಾಡಿ, ಲೋಳೆ ಮೂಗಿಗೆ ಹರಿಯುವಂತೆ ಮಾಡಬಹುದೆಂದು 1989ರಲ್ಲಿ ಅಮೆರಿಕದ ಡೇವಿಡ್ ಕೆನಡಿ ಮತ್ತು ಸಂಗಡಿಗರು ವರದಿ ಮಾಡಿದರು. ಮುಖದ ಮೇಲೆ ಗಾಯದ ಗುರುತು ಉಳಿಯದ ಈ ವಿಧಾನವೇ ಇಂದು ಹೆಚ್ಚು ಬಳಕೆಯಲ್ಲಿದೆ.

ಈ ಅರಿವು ನಮ್ಮ ಊರಿನ ರೋಗಿಯ ಹತ್ತಿರ ಬರಲು ಮತ್ತಷ್ಟು ಕಾಲ ಹಿಡಿಯಿತು. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಬಳ್ಳಾರಿಯಲ್ಲಾಗಲಿ ಕಲಬುರಗಿಯಲ್ಲಾಗಲಿ ವೈದ್ಯಕೀಯ ಕಾಲೇಜು ಇರಲಿಲ್ಲ. ಬಳ್ಳಾರಿಗೆ ಅದು 1961ರಲ್ಲಿ, ಕಲಬುರಗಿಗೆ 1963ರಲ್ಲಿ ಬಂತು. ರಾಯಚೂರು ನಗರದ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ 'ರಿಮ್ಸ್' ಆರಂಭವಾದದ್ದು 2007ರಲ್ಲಿ. ದೇವದುರ್ಗ, ಮಾನ್ವಿಗಳ ರೋಗಿಗೆ ದೂರವೂ ರೋಗದ ಒಂದು ಭಾಗವೇ ಆಗಿತ್ತು.

ಇಂದು ದಾರಿ ಹತ್ತಿರವಾಗಿದೆ. ಗುರುತಿಸುವ ಕೆಲಸ ಮನೆಯಲ್ಲೇ ಶುರುವಾಗಬೇಕು. ಅನುಮಾನ ಬಂದರೆ ಹಳೆಯ ಭಾವಚಿತ್ರವನ್ನು ಮುಖದೊಡನೆ ಹೋಲಿಸಿ ನೋಡಿ. ಒಂದು ಕಣ್ಣು ಜರುಗಿದ್ದರೆ, ವಸ್ತು ಎರಡಾಗಿ ಕಂಡರೆ ವೈದ್ಯರಲ್ಲಿಗೆ ಹೋಗಿ. ಕಣ್ಣಿನವರೂ ಕಿವಿ-ಮೂಗು-ಗಂಟಲಿನವರೂ ಕೂಡಿ ಪರೀಕ್ಷಿಸಲಿ. ದೃಷ್ಟಿ ಇದ್ದಕ್ಕಿದ್ದಂತೆ ಮಂಕಾದರೆ ಒಂದು ದಿನವೂ ಕಾಯಬಾರದು. ಒತ್ತಡಕ್ಕೆ ಸಿಕ್ಕ ದೃಷ್ಟಿನರ ತಡವಾದರೆ ಚೇತರಿಸಿಕೊಳ್ಳದಿರಬಹುದು.