ಆರು ಮತ್ತು ಹದಿನೈದು: ಕಡೂರು ಸೀಮೆಯ ಪಂಪ್‌ಸೆಟ್ಟು, ಮಾನಕ ಮತ್ತು ವೈಂಡಿಂಗ್ ಅಂಗಡಿ

1956ರ ಭಾರತೀಯ ವಿದ್ಯುತ್ ನಿಯಮಾವಳಿಯ 54ನೇ ನಿಯಮದಂತೆ ಗ್ರಾಹಕರಿಗೆ ಕೊಡುವ ವೋಲ್ಟೇಜು ಘೋಷಿತ ಮಟ್ಟದಿಂದ ಶೇ. 6ಕ್ಕಿಂತ ಹೆಚ್ಚು ಏರಿಳಿಯಬಾರದಿತ್ತು. 415 ವೋಲ್ಟಿನ ಲೈನಿನಲ್ಲಿ ಅದು 390ಕ್ಕಿಂತ ಕೆಳಗೆ ಇಳಿಯುವಂತಿರಲಿಲ್ಲ. ಆದರೆ ಕೊಳವೆಬಾವಿ ಮೋಟಾರಿಗೆಂದು ಭಾರತೀಯ ಮಾನಕ ಬ್ಯೂರೊ ರೂಪಿಸಿದ ಐಎಸ್ 9283, ಶೇ. 15ರಷ್ಟು ಇಳಿತವನ್ನೂ ತಾಳಬಲ್ಲ ಮೋಟಾರನ್ನೇ ಕೇಳುತ್ತದೆ. ಅಂದರೆ ಸುಮಾರು 353 ವೋಲ್ಟು. ಸರ್ಕಾರದ ಒಂದು ಕಾಗದ ಕೊಟ್ಟ ಮಾತನ್ನು ಸರ್ಕಾರದ್ದೇ ಇನ್ನೊಂದು ಕಾಗದ ನಂಬಿಲ್ಲ.

ಈ ಎರಡು ಅಂಕಿಗಳ ನಡುವಿನ ಸಂದಿನಲ್ಲಿ ಕಡೂರು, ತರೀಕೆರೆ, ಅಜ್ಜಂಪುರಗಳ ತೋಟಗಾರಿಕೆ ನಡೆಯುತ್ತಿದೆ. ತರೀಕೆರೆಯ ಪಶ್ಚಿಮಕ್ಕೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ ಇದೆ. ಅಜ್ಜಂಪುರದ ಬಳಿ ಭದ್ರಾ ಮೇಲ್ದಂಡೆಯ ಸುರಂಗವೂ ಹಾದಿದೆ. ಪೂರ್ವದ ಬಯಲಿಗೆ ಸರಿದಂತೆ ಮಾತ್ರ ತೆಂಗು, ಅಡಿಕೆ, ಈರುಳ್ಳಿಗೆ ಬೋರಿನ ನೀರೇ ಗತಿ. ಕರೆಂಟು ವಿದ್ಯುತ್ ಸರಬರಾಜು ಕಂಪನಿಯಾದ ಮೆಸ್ಕಾಂನದು. ಬೋರು ಆಳವಾದಷ್ಟೂ ಮೋಟಾರು ದೊಡ್ಡದಾಗುತ್ತದೆ, ಲೈನಿನ ತುದಿಯ ತೋಟದಲ್ಲಿ ವೋಲ್ಟೇಜು ಸಣ್ಣದಾಗುತ್ತದೆ.

ವೋಲ್ಟೇಜು ಶೇ. 85ಕ್ಕೆ ಇಳಿದರೆ ಇಂಡಕ್ಷನ್ ಮೋಟಾರಿನ ತಿರುಗುಬಲ ಶೇ. 72ಕ್ಕೆ ಕುಸಿಯುತ್ತದೆ, ಏಕೆಂದರೆ ಬಲ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿದೆ. ನೀರಿನ ಹೊರೆ ಅಷ್ಟೇ ಇರುವುದರಿಂದ ಮೋಟಾರು ಹೆಚ್ಚು ಕರೆಂಟು ಎಳೆದು ಕಾಯುತ್ತದೆ, ಕೊನೆಗೆ ಕಾಯಿಲ್ ಸುಡುತ್ತದೆ. ಆಗ ಪೈಪು ಸಮೇತ ಮೋಟಾರನ್ನು ಎತ್ತಿ ಪೇಟೆಯ ವೈಂಡಿಂಗ್ ಅಂಗಡಿಗೆ ಒಯ್ಯಬೇಕು. ಅಲ್ಲಿ ಕುಶಲಿ ಹಳೆಯ ಸುತ್ತು ಎಣಿಸಿ, ತಂತಿಯ ಗೇಜು ನೋಡಿ, ಹೊಸ ತಾಮ್ರ ಸುತ್ತುತ್ತಾನೆ. ಆ ತಂತಿಗೂ ಐಎಸ್ 8783 ಎಂಬ ಮಾನಕವಿದೆ. ಸುತ್ತುವ ಕೈಗೆ ಮಾತ್ರ ಯಾವ ಮಾನಕವೂ ಅಂಟಿಕೊಂಡಿಲ್ಲ. ಸುತ್ತು ತುಸು ಕಡಿಮೆ ಮಾಡಿದರೆ ಮೋಟಾರು ಕಡಿಮೆ ವೋಲ್ಟೇಜಿನಲ್ಲೂ ನೀರೆತ್ತುತ್ತದೆ. ರಾತ್ರಿ ವೋಲ್ಟೇಜು ಏರಿದಾಗ ಅದೇ ಮೋಟಾರು ಮಿತಿಮೀರಿ ಕಾಯುವುದೂ ಉಂಟು. ಯಾವ ಊರಿನ ಲೈನಿಗೆ ಎಷ್ಟು ಸುತ್ತು ಎಂಬ ಲೆಕ್ಕ ಅಂಗಡಿಯವನ ತಲೆಯಲ್ಲಿರುತ್ತದೆ. ಐಎಸ್‌ಐ ಗುರುತು ದೃಢಪಡಿಸುವುದು ಕಾರ್ಖಾನೆಯಿಂದ ಹೊರಬಿದ್ದ ದಿನದ ಮೋಟಾರನ್ನು. ಮರುವೈಂಡಿಂಗ್ ಆದ ಮೋಟಾರಿನ ಮೈಮೇಲೂ ಆ ಗುರುತಿನ ಫಲಕ ಹಾಗೆಯೇ ಉಳಿದಿರುತ್ತದೆ.

ಕಂಡೆನ್ಸರ್‌ನ ಕಥೆ ಇನ್ನೂ ಸೋಜಿಗದ್ದು. ಪಂಪ್‌ಸೆಟ್ಟುಗಳಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕೊಡುವುದು ರಾಜ್ಯದ ನೀತಿ. ತೋಟದ ಫೀಡರೂ ಮನೆಗಳ ಫೀಡರೂ ಒಂದೇ ಆಗಿದ್ದ ಕಾಲದಲ್ಲಿ ಉಳಿದ ಹೊತ್ತು ಮನೆಯ ದೀಪಕ್ಕೆಂದು ಸಿಂಗಲ್ ಫೇಸ್ ಬರುತ್ತಿತ್ತು. ರೈತರು ಕಂಡೆನ್ಸರ್ ಸೇರಿಸಿ ಇಲ್ಲದ ಫೇಸನ್ನು ಹುಟ್ಟಿಸಿ ತ್ರೀ ಫೇಸ್ ಮೋಟಾರನ್ನೇ ಅದರಲ್ಲಿ ಓಡಿಸಿದರು. ತೋಟಕ್ಕೆ ನೀರು ಹರಿಯಿತು. ಹೊರೆ ಒಂದೇ ಕಡೆ ಬಿದ್ದು ಊರಿನ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿತು, ಮನೆಗಳ ದೀಪ ಮಂಕಾಯಿತು. ವಿದ್ಯುತ್ ಇಲಾಖೆಯ ಕಣ್ಣಿನಲ್ಲಿ ಇದು ಅಕ್ರಮ. ಅದೇ ಇಲಾಖೆ ಪವರ್ ಫ್ಯಾಕ್ಟರ್ ಸುಧಾರಿಸಲು ಮೋಟಾರಿಗೆ ಕೆಪಾಸಿಟರ್ ಹಾಕಲೇಬೇಕೆಂದೂ ಷರತ್ತು ವಿಧಿಸುತ್ತದೆ. ತತ್ತ್ವದಲ್ಲಿ ಎರಡೂ ಒಂದೇ ಸಾಧನ. ಒಂದು ರೀತಿ ಜೋಡಿಸಿದರೆ ಕಡ್ಡಾಯ, ಇನ್ನೊಂದು ರೀತಿ ಜೋಡಿಸಿದರೆ ಅಪರಾಧ. ಕಡ್ಡಾಯದ್ದು ಗ್ರಿಡ್‌ಗೆ ಲಾಭ, ನಿಷಿದ್ಧವಾದದ್ದು ರೈತನಿಗೆ ಲಾಭ. ಹೀಗಿರುವಾಗ ಯಾವುದು ತೋಟದಲ್ಲಿ ಕಾಣಿಸುತ್ತದೆಂದು ಊಹಿಸಲು ಸಂಶೋಧನೆ ಬೇಕಿಲ್ಲ. ನಿರಂತರ ಜ್ಯೋತಿ ಯೋಜನೆ ಫೀಡರುಗಳನ್ನು ಬೇರ್ಪಡಿಸಿದ ಕಡೆ ಈ ಆಟಕ್ಕೆ ಕಡಿವಾಣ ಬಿತ್ತು. ದಂಡ, ತಪಾಸಣೆಗಿಂತ ತಂತಿಯ ಮಾರ್ಪಾಟೇ ಹೆಚ್ಚು ಫಲ ಕೊಟ್ಟಿತೆನ್ನಬೇಕು.

ಆಟೋ ಸ್ಟಾರ್ಟರಿನದೂ ಅದೇ ಹಣೆಬರಹ. ಕರೆಂಟು ಯಾವಾಗ ಬರುತ್ತದೋ ತಿಳಿಯದ ರೈತ ನಡುರಾತ್ರಿ ಹಾವುಹುಳದ ನಡುವೆ ತೋಟಕ್ಕೆ ಹೋಗುವ ಬದಲು ಅದನ್ನು ಹಾಕಿಸುತ್ತಾನೆ. ಕರೆಂಟು ಬಂದ ಕ್ಷಣ ಎಲ್ಲ ಮೋಟಾರುಗಳೂ ಒಟ್ಟಿಗೇ ಎದ್ದು ಟಿಸಿಯನ್ನು ಅದುಮುತ್ತವೆ.

2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ಉಚಿತ ವಿದ್ಯುತ್ ಇದೆ. ಮೀಟರಿಲ್ಲದೆ ವಿದ್ಯುತ್ ಕೊಡಬಾರದೆಂದು 2003ರ ವಿದ್ಯುತ್ ಕಾಯ್ದೆಯ 55ನೇ ಕಲಮು ಹೇಳಿದರೂ ಬಹುಪಾಲು ತೋಟಗಳ ಬಳಕೆ ಇಂದಿಗೂ ಅಂದಾಜಿನ ಲೆಕ್ಕ. ಹೀಗಾಗಿ ಮೋಟಾರಿನ ಫಲಕದ ಮೇಲಿನ ಎಚ್‌ಪಿ ಅಂಕಿಗೆ ಯಂತ್ರದ ಶಕ್ತಿಗಿಂತ ಸವಲತ್ತಿನ ಮಿತಿಯೇ ಮುಖ್ಯವಾಗುತ್ತದೆ. ಫಲಕದಲ್ಲಿ ಒಂದು ಎಚ್‌ಪಿ, ಒಳಗಿನ ಸುತ್ತಿನಲ್ಲಿ ಇನ್ನೊಂದು ಎಚ್‌ಪಿ ಇರುವಂತೆ ಪ್ರಚೋದಿಸುವುದು ಈ ಮಿತಿಯೇ.

ಈಗ ಪಿಎಂ-ಕುಸುಮ್ ಯೋಜನೆಯ ಸೌರ ಪಂಪು ಬರುತ್ತಿದೆ. ರಾಜ್ಯದಲ್ಲಿ ಗ್ರಿಡ್ಡಿಲ್ಲದೆ ನಡೆಯುವ ಪಂಪಿಗೆ ಕೇಂದ್ರ ಶೇ. 30, ರಾಜ್ಯ ಶೇ. 50 ಸಹಾಯಧನ ಕೊಡುತ್ತವೆ. ಇಲ್ಲಿ ಲೈನಿನ ವೋಲ್ಟೇಜಿನ ಗೋಳಿಲ್ಲ, ಫೇಸಿನ ಕಾಟವಿಲ್ಲ. ಕೇಂದ್ರದ ಮಾನದಂಡದಂತೆ ಐದು ವರ್ಷದ ಖಾತರಿಯೂ ದೂರದಿಂದಲೇ ನಿಗಾ ಇಡುವ ವ್ಯವಸ್ಥೆಯೂ ಇವೆ. ಆದರೆ ಅದರ ಪ್ರಾಣವಿರುವುದು ಕಂಟ್ರೋಲರಿನ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ. ಸುತ್ತು ಎಣಿಸಬಲ್ಲ ಕೈಗೆ ಅದರ ಒಳಗು ಕಾಣದು. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಕುರಿತು ಸಮಿತಿ ನೇಮಿಸಿ, ಮೊದಲ ಗಮನಕ್ಕೆ ಆರಿಸಿದ ಕ್ಷೇತ್ರಗಳಲ್ಲಿ ಕೃಷಿ ಯಂತ್ರಗಳನ್ನೂ ಸೇರಿಸಿತು. ಸಾರ್ವಜನಿಕ ಹಣದಿಂದ ಕೊಡುವ ಕಂಟ್ರೋಲರಿನ ಸರ್ಕ್ಯೂಟ್ ನಕ್ಷೆ, ಬಿಡಿಭಾಗಗಳ ಪಟ್ಟಿ, ದೋಷಸಂಕೇತಗಳ ವಿವರಣೆ ಕನ್ನಡದಲ್ಲಿ ರೈತನ ಕೈ ಸೇರಬೇಕೆಂಬ ಷರತ್ತನ್ನು ಟೆಂಡರಿನಲ್ಲೇ ಸೇರಿಸಲು ಹೊಸ ಕಾಯ್ದೆಯನ್ನೇನೂ ಕಾಯಬೇಕಿಲ್ಲ. ಖಾತರಿಯ ಅವಧಿ ಮುಗಿದ ಕಂಟ್ರೋಲರು ಕಡೂರಿನ ಅಂಗಡಿಯ ಮೇಜಿಗೆ ಬಂದಾಗ ಅದನ್ನು ಬಿಚ್ಚಿ ನೋಡಲು ಆ ಮೂರು ಕಾಗದ ಸಾಕು.